ಕಲ್ಲಿನ ಮರ್ಮವರಿತ ವೊಲಾಸ್ಟನ್

ಮೂತ್ರಕೋಶದಲ್ಲಿ ಕಲ್ಲು ಬೆಳೆಯುವ ವ್ಯಾಧಿಯು ಬಹು ಪುರಾತನವಾದುದು. ಈಜಿಪ್ಟಿನ ಪ್ರಾಚೀನ ಸಮಾಧಿಯೊಂದರಲ್ಲಿ ದೊರೆತ ಬಾಲಕನ ಶವದಲ್ಲಿಯೂ ಇಂತಹ ಕಲ್ಲು ಕಂಡುಬಂದಿದೆ. ನಮ್ಮ ಸುಶ್ರುತಸಂಹಿತೆಯು ಈ ರೋಗವನ್ನು ಅಶ್ಮರಿ ಎಂದು ಕರೆದು, ಶಸ್ತ್ರದ ಮೂಲಕ ಕಲ್ಲನ್ನು ಹೊರತೆಗೆಯುವ ಕ್ರಮವನ್ನು ವಿವರಿಸುತ್ತದೆ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿಯೂ ಶಸ್ತ್ರವಲ್ಲದೆ ಬೇರೆ ದಾರಿ ಇರಲಿಲ್ಲ. ಅರಿವಳಿಕೆಯ ಪ್ರಯೋಜನವು ಲೋಕಕ್ಕೆ ಮನವರಿಕೆಯಾದದ್ದು 1846ರಲ್ಲಿ. ಅದಕ್ಕೆ ಮೊದಲು ರೋಗಿಯ ಕೈಕಾಲುಗಳನ್ನು ಬಿಗಿದು, ಬಲಿಷ್ಠರು ಅವನನ್ನು ಅದುಮಿ ಹಿಡಿದಿರುವಾಗ ವೈದ್ಯನು ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಬೇಕಾಗಿತ್ತು. ಹೀಗೆ ಹೊರಬಂದ ಕಲ್ಲುಗಳನ್ನು ವೈದ್ಯರು ಪೆಟ್ಟಿಗೆಗಳಲ್ಲಿ ಕೂಡಿಡುತ್ತಿದ್ದರು. ಆದರೆ ಅವು ಏತರಿಂದ ಆದವು? 1776ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ಇಂತಹ ಕಲ್ಲುಗಳಲ್ಲಿ ಯೂರಿಕ್ ಆಮ್ಲವನ್ನು ಕಂಡುಹಿಡಿದನು. ಆ ಬಳಿಕ ಎಲ್ಲ ಕಲ್ಲುಗಳೂ ಒಂದೇ ಪದಾರ್ಥದಿಂದಾದವೆಂಬ ಭಾವನೆ ಹಲವರಲ್ಲಿ ಬೇರೂರಿತು. ಹಾಗಲ್ಲ, ಕಲ್ಲು ಕಲ್ಲಿಗೂ ಭೇದವಿದೆ ಎಂದು ಪರೀಕ್ಷಿಸಿ ತೋರಿಸಿದವರಲ್ಲಿ ಅಗ್ರಗಣ್ಯನು ವಿಲಿಯಂ ಹೈಡ್ ವೊಲಾಸ್ಟನ್.

ವೊಲಾಸ್ಟನ್ 1766ನೆಯ ಇಸವಿ ಆಗಸ್ಟ್ 6ರಂದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಈಸ್ಟ್ ಡೆರೆಹ್ಯಾಮ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಫ್ರಾನ್ಸಿಸ್ ವೊಲಾಸ್ಟನ್ ಕ್ರೈಸ್ತ ಪಾದ್ರಿ. ರಾತ್ರಿಯ ವೇಳೆ ನಕ್ಷತ್ರಗಳನ್ನು ವೀಕ್ಷಿಸಿ ಲೆಕ್ಕವಿಡುತ್ತಿದ್ದ ಖಗೋಳಾಸಕ್ತ. ಹದಿನೇಳು ಮಕ್ಕಳ ಆ ತುಂಬು ಸಂಸಾರದಲ್ಲಿ ಅಳತೆಗೂ ಅಚ್ಚುಕಟ್ಟಿಗೂ ಬೆಲೆಯಿತ್ತು. ಬಾಲಕನು ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದನು. 1793ರಲ್ಲಿ ವೈದ್ಯಕೀಯದ ಉನ್ನತ ಪದವಿಯನ್ನು ಪಡೆದನು. ಅದೇ ವರ್ಷ ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಹಂಟಿಂಗ್ಡನ್, ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರುಗಳಲ್ಲಿ ಕೆಲವು ಕಾಲ ವೈದ್ಯನಾಗಿದ್ದು, 1797ರಲ್ಲಿ ವೊಲಾಸ್ಟನ್ ಲಂಡನ್ನಿಗೆ ಬಂದನು. ಆ ವರ್ಷವೇ ಅವನು ರಾಯಲ್ ಸೊಸೈಟಿಗೆ ಒಂದು ಪ್ರಬಂಧವನ್ನು ಸಲ್ಲಿಸಿದನು. ಯೂರಿಕ್ ಆಮ್ಲದ ಕಲ್ಲಲ್ಲದೆ ಇನ್ನೂ ಬೇರೆ ಜಾತಿಯ ಕಲ್ಲುಗಳಿವೆ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿದನು. ಒಂದು ಜಾತಿಯ ಕಲ್ಲಿನ ಮೈ ಹಿಪ್ಪುನೇರಳೆ ಹಣ್ಣಿನಂತೆ ಗಂಟುಗಂಟಾಗಿತ್ತು; ಅದು ಕ್ಯಾಲ್ಸಿಯಂ ಆಕ್ಸಲೇಟಿನಿಂದ ಆದುದು. ಮೂಳೆಯಲ್ಲಿರುವ ಸುಣ್ಣದ ಫಾಸ್ಫೇಟಿನಿಂದಾದುದು ಇನ್ನೊಂದು. ಊದುಕೊಳವೆಯ ಜ್ವಾಲೆಗೆ ಹಿಡಿದರೆ ಕರಗಿ ನೀರಾಗುವುದು ಮತ್ತೊಂದು. ಗೌಟ್ ಎಂಬ ಕೀಲುಬೇನೆಯುಳ್ಳವರ ಬೆರಳ ಗಿಣ್ಣುಗಳಲ್ಲಿ ಗಂಟುಕಟ್ಟುವ ಬಿಳಿಯ ಪದಾರ್ಥವು ಯೂರಿಕ್ ಆಮ್ಲವೂ ಸೋಡವೂ ಕೂಡಿ ಆದುದೆಂಬುದನ್ನೂ ಅವನು ಅದೇ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಆಗ ಅವನಿಗೆ ಮೂವತ್ತೊಂದು ವರ್ಷವೂ ತುಂಬಿರಲಿಲ್ಲ.

ಇಷ್ಟು ಸೂಕ್ಷ್ಮಬುದ್ಧಿಯ ವೈದ್ಯನು ಲಂಡನ್ನಿನಲ್ಲಿ ಹೆಸರು ಗಳಿಸುವನೆಂದು ಯಾರಾದರೂ ಭಾವಿಸುತ್ತಿದ್ದರು. ಆದರೆ ರೋಗಿಯ ಹಾಸಿಗೆಯ ಬಳಿ ಕುಳಿತಾಗ ವೊಲಾಸ್ಟನ್ನನ ಮನಸ್ಸು ತತ್ತರಿಸುತ್ತಿತ್ತು. ತಾನು ಕೊಟ್ಟ ಔಷಧ ಸರಿಯೋ ತಪ್ಪೋ ಎಂಬ ಚಿಂತೆ ಮನೆಗೆ ಬಂದರೂ ಅವನನ್ನು ಬಿಡುತ್ತಿರಲಿಲ್ಲ. ಇದರ ಮೇಲೆ, ಲಂಡನ್ನಿನ ಆಸ್ಪತ್ರೆಯೊಂದರ ಹುದ್ದೆಗೆ ಸ್ಪರ್ಧಿಸಿ ಸೋತದ್ದೂ ಒಂದು ಕಾರಣವಾಯಿತು. 1800ನೆಯ ಇಸವಿಯ ಕೊನೆಯ ವೇಳೆಗೆ ಅವನು ವೈದ್ಯವೃತ್ತಿಗೆ ಶರಣು ಹೊಡೆದನು. ಗೆಳೆಯರು ಅಚ್ಚರಿಪಟ್ಟರು. ಸ್ಥಿರವಾದ ಜೀವನೋಪಾಯವನ್ನು ಬಿಟ್ಟು ರಸಾಯನಶಾಸ್ತ್ರವನ್ನು ನೆಚ್ಚುವುದು ಆ ಕಾಲದಲ್ಲಿ ಸಾಹಸವೇ ಸರಿ.

ಆ ಸಾಹಸವು ಫಲಿಸಿತು. ಕೇಂಬ್ರಿಜಿನ ಗೆಳೆಯ ಸ್ಮಿಥ್‌ಸನ್ ಟೆನೆಂಟನೊಡನೆ ಕೂಡಿ ಅವನು ಸುಮಾರು 6000 ಔನ್ಸ್ ಪ್ಲಾಟಿನಂ ಅದಿರನ್ನು ಕೊಂಡನು. ಬಡಿದರೆ ಒಡೆದುಹೋಗುತ್ತಿದ್ದ ಈ ಲೋಹವನ್ನು ಬಗ್ಗಿಸಿ, ತೆಳುಮಾಡಿ, ಪಾತ್ರೆಯಾಗಿ ರೂಪಿಸುವ ವಿಧಾನವನ್ನು ಸಾಧಿಸಿಕೊಂಡನು. ಆಮ್ಲವನ್ನು ಕಾಯಿಸುವ ಪ್ಲಾಟಿನಂ ಪಾತ್ರೆಗಳ ಮಾರಾಟದಿಂದಲೂ ಬೇರೆ ಉಪಯೋಗಗಳಿಂದಲೂ ಅವನ ಕೈಯಲ್ಲಿ ಹಣ ಕೂಡಿತು. ಅದಿರನ್ನು ಕರಗಿಸಿ ಶೋಧಿಸುವಾಗ ಉಳಿದ ದ್ರಾವಣದಲ್ಲಿ ಎರಡು ಹೊಸ ಲೋಹಗಳೂ ದೊರೆತವು: ಒಂದು ಪೆಲ್ಲೇಡಿಯಂ, ಇನ್ನೊಂದು ರೋಡಿಯಂ.

ಪೆಲ್ಲೇಡಿಯಂ ಲೋಹವನ್ನು ಪ್ರಕಟಿಸಿದ ರೀತಿ ಮಾತ್ರ ವಿಚಿತ್ರವಾಗಿತ್ತು. 1803ರಲ್ಲಿ ಅವನು ತನ್ನ ಹೆಸರನ್ನು ಮರೆಮಾಡಿ, ಲಂಡನ್ನಿನ ಸೋಹೋ ಭಾಗದ ಅಂಗಡಿಯೊಂದರಲ್ಲಿ ಈ ಹೊಸ ಲೋಹವನ್ನು ಮಾರಾಟಕ್ಕಿಟ್ಟನು. ಷೆನೆವಿಕ್ಸ್ ಎಂಬ ರಸಾಯನಜ್ಞನು ಅದನ್ನು ಕೊಂಡು ಪರೀಕ್ಷಿಸಿ, ಇದು ಹೊಸ ಲೋಹವಲ್ಲ, ಪ್ಲಾಟಿನಮ್ಮಿಗೆ ಪಾದರಸ ಬೆರಸಿದ ಮಿಶ್ರಣ ಎಂದು ಸಾರಿದನು. ಆಗಲೂ ವೊಲಾಸ್ಟನ್ ಬಾಯಿಬಿಡಲಿಲ್ಲ. ಕೃತಕವಾಗಿ ಪೆಲ್ಲೇಡಿಯಂ ತಯಾರಿಸಿ ತೋರಿಸಿದವರಿಗೆ 20 ಪೌಂಡು ಬಹುಮಾನವೆಂದು ಅನಾಮಧೇಯನಾಗಿಯೇ ಪ್ರಕಟಿಸಿದನು. ಕಂಡುಹಿಡಿದವನು ತಾನೇ ಎಂಬ ಸತ್ಯವನ್ನು ಹೊರಗೆಡವಿದ್ದು 1805ರಲ್ಲಿ. ತನ್ನ ಶೋಧನೆ ಸಂಪೂರ್ಣವಾಗುವವರೆಗೆ ಪೈಪೋಟಿಯನ್ನು ದೂರವಿಡಲು ಹೀಗೆ ಮಾಡಿರಬಹುದು. ಆದರೂ ಪ್ರಾಮಾಣಿಕನಾದ ಸಹೋದ್ಯೋಗಿಯೊಬ್ಬನು ಎಲ್ಲರೆದುರು ನಗೆಗೀಡಾಗಲು ಬಿಟ್ಟದ್ದು ಅವನಂಥವನಿಗೆ ತಕ್ಕ ನಡತೆಯೆನಿಸದು.

ವೊಲಾಸ್ಟನ್ನನ ಪ್ರಯೋಗಶಾಲೆಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಅದನ್ನು ನೋಡಬೇಕೆಂದು ವಿದೇಶೀ ವಿದ್ವಾಂಸನೊಬ್ಬನು ಬಹಳವಾಗಿ ಕೇಳಿಕೊಂಡಾಗ, ಅವನು ಒಳಗಿನಿಂದ ಒಂದು ತಟ್ಟೆಯನ್ನು ತರಿಸಿ ಮುಂದಿಟ್ಟನಂತೆ. ಗಡಿಯಾರಕ್ಕೆ ಹಾಕುವ ಕೆಲವು ಗಾಜುಬಿಲ್ಲೆಗಳು, ಒಂದು ಊದುಕೊಳವೆ, ಪರೀಕ್ಷಾ ಕಾಗದದ ಚೂರುಗಳು, ಪುಟ್ಟದೊಂದು ತಕ್ಕಡಿ, ಇಷ್ಟೇ ಆ ತಟ್ಟೆಯಲ್ಲಿದ್ದವೆಂದು ಹೇಳುತ್ತಾರೆ. ಕಥೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿರಬಹುದು. ಆದರೆ ಸಾಸಿವೆಕಾಳಿನಷ್ಟು ಪದಾರ್ಥವನ್ನಿಟ್ಟುಕೊಂಡು ಪರೀಕ್ಷೆ ನಡೆಸಬಲ್ಲ ಅವನ ಕೈಚಳಕವು ಸತ್ಯವಾದುದು. ಅವನ ತೀರ್ಮಾನವು ತಪ್ಪುವುದು ಅಪರೂಪವೆಂದು ಗೆಳೆಯರು ಅವನನ್ನು ಪೋಪ್ ಎಂದು ಹಾಸ್ಯವಾಗಿ ಕರೆಯುತ್ತಿದ್ದರು.

ವೈದ್ಯವೃತ್ತಿಯನ್ನು ಬಿಟ್ಟು ಹತ್ತು ವರ್ಷಗಳಾದರೂ ಅವನು ಮೂತ್ರದ ಕಲ್ಲುಗಳನ್ನು ಮರೆತಿರಲಿಲ್ಲ. ನಾರ್ವಿಚ್ ನಗರದ ಡಾಕ್ಟರ್ ರೀವ್ ಎಂಬ ವೈದ್ಯನು ಅವನಿಗೊಂದು ಕಲ್ಲನ್ನು ಕೊಟ್ಟನು. ಅದು ಬೇರೆ ಯಾರದೂ ಅಲ್ಲ. ಆ ವೈದ್ಯನ ಸಹೋದರನು ಐದು ವರ್ಷದ ಬಾಲಕನಾಗಿದ್ದಾಗ ಅವನ ಮೂತ್ರಕೋಶದಿಂದ ತೆಗೆದದ್ದು. ತಿಳಿ ಹಳದಿಯ, ಮೇಣದಂತೆ ಮಂದವಾಗಿ ಹೊಳೆಯುವ ಆ ಕಲ್ಲು ತನಗೆ ತಿಳಿದಿದ್ದ ಯಾವ ಜಾತಿಗೂ ಸೇರಲಿಲ್ಲ. ವೊಲಾಸ್ಟನ್ ಅದರ ಪುಡಿಯನ್ನು ನೀರಿಗೆ ಹಾಕಿದನು, ಕರಗಲಿಲ್ಲ. ಮದ್ಯಸಾರಕ್ಕೂ ಕರಗಲಿಲ್ಲ. ತೀಕ್ಷ್ಣವಾದ ಆಮ್ಲಗಳಲ್ಲಿ ಕರಗಿತು. ಆಶ್ಚರ್ಯವೆಂದರೆ, ಆಮ್ಲಕ್ಕೆ ವಿರುದ್ಧ ಸ್ವಭಾವದ ಕ್ಷಾರಗಳಲ್ಲಿಯೂ ಕರಗಿತು! ಜ್ವಾಲೆಗೆ ಹಿಡಿದಾಗ ವಿಶಿಷ್ಟವಾದ ದುರ್ವಾಸನೆ ಹೊಮ್ಮಿತು. ಲಂಡನ್ನಿನ ಗೈಸ್ ಆಸ್ಪತ್ರೆಯ ಸಂಗ್ರಹದಲ್ಲಿ ಹುಡುಕಿದಾಗ ಇದೇ ಬಗೆಯ ಇನ್ನೊಂದು ಕಲ್ಲು ಸಿಕ್ಕಿತು. 1810ರಲ್ಲಿ ಅವನು ಈ ಪದಾರ್ಥವನ್ನು ಲೋಕಕ್ಕೆ ಪರಿಚಯಿಸಿ ಸಿಸ್ಟಿಕ್ ಆಕ್ಸೈಡ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಕಿಸ್ಟಿಸ್ ಎಂದರೆ ಮೂತ್ರಕೋಶ. ಎರಡು ಕಲ್ಲುಗಳೂ ಅಲ್ಲಿಂದಲೇ ದೊರೆತುದರಿಂದ ಈ ಹೆಸರು ಬಂದಿತು.

ಪೋಪ್ ಎನಿಸಿಕೊಂಡವನು ಇಟ್ಟ ಈ ಹೆಸರಿನ ಎರಡು ಪದಗಳೂ ಮುಂದೆ ನಿಲ್ಲಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಪದಾರ್ಥವು ಆಕ್ಸೈಡ್ ಅಲ್ಲವಾದ್ದರಿಂದ ಸ್ವೀಡನ್ನಿನ ಬರ್ಜೀಲಿಯಸ್ 1833ರಲ್ಲಿ ಅದನ್ನು ಸಿಸ್ಟೀನ್ ಎಂದು ಕರೆದನು. ಅದು ಹುಟ್ಟುವುದು ಮೂತ್ರಕೋಶದಲ್ಲಿಯೂ ಅಲ್ಲ. ಕಲ್ಲು ಮೊದಲು ರೂಪುಗೊಳ್ಳುವುದು ಮೂತ್ರಪಿಂಡದಲ್ಲಿ. ಸುಟ್ಟಾಗ ಬಂದ ವಾಸನೆಗೆ ಕಾರಣವಾದ ಗಂಧಕವೂ ವೊಲಾಸ್ಟನ್ನನ ಗಮನವನ್ನು ತಪ್ಪಿಸಿಕೊಂಡಿತು. ಅದು ಬೆಳಕಿಗೆ ಬಂದದ್ದು ಅವನು ತೀರಿಕೊಂಡು ಸುಮಾರು ಹತ್ತು ವರ್ಷಗಳಾದ ಮೇಲೆ. ಆದರೂ ಆ ಪುಡಿಯ ಸ್ವಭಾವದ ಬಗ್ಗೆ ಅವನು ಬರೆದಿಟ್ಟ ವಿವರಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಮುಂದಿನವರು ಅದೇ ಪದಾರ್ಥವನ್ನು ಗುರುತಿಸಲು ಕಷ್ಟಪಡಬೇಕಾಗಲಿಲ್ಲ.

ಸಿಸ್ಟೀನ್ ಒಂದು ವಿಷವಸ್ತುವೇನೂ ಅಲ್ಲ. ನಮ್ಮ ಕೂದಲು, ಉಗುರು, ದನದ ಕೊಂಬು ಇವುಗಳ ಗಟ್ಟಿತನಕ್ಕೆ ಅದೇ ಕಾರಣ. 1899ರಲ್ಲಿ ಮೋರ್ನರ್ ಎಂಬ ಸ್ವೀಡನ್ನಿನ ವಿಜ್ಞಾನಿಯು ಕೊಂಬಿನಿಂದಲೇ ಅದನ್ನು ಬೇರ್ಪಡಿಸಿದನು. ಪ್ರೋಟೀನುಗಳು ಅಮೈನೋ ಆಮ್ಲಗಳ ಸರಪಳಿಗಳು. ಅವುಗಳಲ್ಲಿ ಸಿಸ್ಟಿಯೀನ್ ಎಂಬುದೊಂದಿದೆ. ಅದರ ಎರಡು ಅಣುಗಳು ತಮ್ಮ ಗಂಧಕದ ತುದಿಗಳಿಂದ ಕೈಕೈ ಹಿಡಿದರೆ ಸಿಸ್ಟೀನ್ ಆಗುತ್ತದೆ. ಹೆಸರುಗಳು ಅವಳಿ ಮಕ್ಕಳಂತೆ ಹೋಲುವುದರಿಂದ ಓದುವಾಗ ಎಚ್ಚರ ಬೇಕು.

ಮೂತ್ರಪಿಂಡವು ರಕ್ತವನ್ನು ಸೋಸುವಾಗ ಇಂತಹ ಉಪಯುಕ್ತ ಪದಾರ್ಥಗಳೂ ಸೋಸಿದ ನೀರಿನೊಡನೆ ಇಳಿದುಬರುತ್ತವೆ. ಆ ನೀರು ಸೂಕ್ಷ್ಮವಾದ ನಾಳಗಳಲ್ಲಿ ಹರಿಯುವಾಗ ನಾಳದ ಗೋಡೆಯು ಅವನ್ನು ಆಯ್ದು ಮರಳಿ ರಕ್ತಕ್ಕೆ ಸೇರಿಸುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಆಯುವ ವ್ಯವಸ್ಥೆ ಕೆಟ್ಟಿರುತ್ತದೆ. ಆಗ ಸಿಸ್ಟೀನ್ ಜೊತೆಗೆ ಆರ್ನಿಥೀನ್, ಲೈಸೀನ್, ಆರ್ಜಿನೀನ್ ಎಂಬ ಮೂರು ಅಮೈನೋ ಆಮ್ಲಗಳೂ ಮೂತ್ರದ ಪಾಲಾಗುತ್ತವೆ. ಆ ಮೂರೂ ನೀರಿನಲ್ಲಿ ಸುಲಭವಾಗಿ ಕರಗಿ ಹೊರಟುಹೋಗುತ್ತವೆ, ಸಿಸ್ಟೀನ್ ಹಾಗಲ್ಲ. ಸಾಮಾನ್ಯ ಮೂತ್ರದ ಒಂದು ಲೀಟರಿನಲ್ಲಿ ಸುಮಾರು 250 ಮಿಲಿಗ್ರಾಂ ಮಾತ್ರ ಕರಗಬಲ್ಲದು. ಆರೋಗ್ಯವಂತನ ಮೂತ್ರದಲ್ಲಿ ದಿನಕ್ಕೆ ಸುಮಾರು 30 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಿಸ್ಟೀನ್ ಇರುವುದರಿಂದ ತೊಂದರೆಯಿಲ್ಲ. ಈ ರೋಗವುಳ್ಳ ಕೆಲವರಲ್ಲಿ ಅದು 1000 ಮಿಲಿಗ್ರಾಂ ಮುಟ್ಟುತ್ತದೆ. ಅಷ್ಟನ್ನು ಕರಗಿಸಿಡಲು ನಾಲ್ಕು ಲೀಟರ್ ಮೂತ್ರ ಬೇಕೆಂಬುದನ್ನು ವಿದ್ಯಾರ್ಥಿಗಳೇ ಭಾಗಿಸಿ ತಿಳಿಯಬಹುದು. ಕರಗದೆ ಮಿಕ್ಕದ್ದು ಆರು ಮೂಲೆಯ ಚಪ್ಪಟೆ ಹರಳುಗಳಾಗಿ, ಹರಳುಗಳು ಕೂಡಿ ಕಲ್ಲಾಗುತ್ತವೆ.

ಡಾಕ್ಟರ್ ರೀವ್ ಕೊಟ್ಟ ಕಲ್ಲು ಅವನ ಸ್ವಂತ ಸಹೋದರನದೆಂಬುದರಲ್ಲಿ ಒಂದು ಸುಳಿವು ಅಡಗಿತ್ತು. ಆಗ ಅದು ಯಾರಿಗೂ ಹೊಳೆಯಲಿಲ್ಲ. ವೊಲಾಸ್ಟನ್ನನ ಗೆಳೆಯನೂ ಗೈಸ್ ಆಸ್ಪತ್ರೆಯ ವೈದ್ಯನೂ ಆದ ಮಾರ್ಸೆಟ್ 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಣ್ಣತಮ್ಮಂದಿರಿಬ್ಬರಲ್ಲಿ ಇದೇ ಕಲ್ಲು ಕಂಡುದನ್ನು ನಮೂದಿಸಿದನು. 1908ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಎಂಬ ಆಂಗ್ಲ ವೈದ್ಯನು ಹುಟ್ಟಿನಿಂದ ಬರುವ ದೇಹರಸಾಯನದ ದೋಷಗಳಲ್ಲಿ ಇದನ್ನೂ ಸೇರಿಸಿದನು. ಆದರೆ ದೇಹವು ಸಿಸ್ಟೀನನ್ನು ಬಳಸಿಕೊಳ್ಳಲಾರದೆ ಹೊರಹಾಕುತ್ತದೆಂದು ಅವನು ಎಣಿಸಿದ್ದನು. ದೋಷವಿರುವುದು ಮೂತ್ರಪಿಂಡವು ಮರಳಿ ಹೀರುವ ಕ್ರಿಯೆಯಲ್ಲಿ ಎಂಬುದನ್ನು 1951ರಲ್ಲಿ ಡೆಂಟ್ ಮತ್ತು ರೋಸ್ ಎಂಬುವರು ತೋರಿಸಿದರು. ಇದಕ್ಕೆ ಸಂಬಂಧಿಸಿದ ಎರಡು ಜೀನುಗಳು 1994ರಲ್ಲಿ ಹಾಗೂ 1999ರಲ್ಲಿ ಗೊತ್ತಾದವು. ಸಾಮಾನ್ಯವಾಗಿ ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಗುವಿಗೆ ರೋಗ ತಗಲುತ್ತದೆ.

ಈ ಕಲ್ಲುಗಳು ವಿರಳ. ವಯಸ್ಕರ ನೂರು ಕಲ್ಲುಗಳಲ್ಲಿ ಒಂದೋ ಎರಡೋ ಸಿಸ್ಟೀನಿನವು. ಮಕ್ಕಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಒಮ್ಮೆ ತೆಗೆದರೂ ಮತ್ತೆ ಮತ್ತೆ ಬೆಳೆಯುವುದೇ ಇವುಗಳ ದುಷ್ಟತನ. ರೋಗಿಯು ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಬೇಕು, ಮಲಗುವ ಮುನ್ನ ಕುಡಿದು ನಡುರಾತ್ರಿ ಎದ್ದು ಮತ್ತೆ ಕುಡಿಯಬೇಕು, ಉಪ್ಪನ್ನು ಕಡಿಮೆ ಮಾಡಬೇಕು. ಮೂತ್ರವನ್ನು ಕ್ಷಾರಗೊಳಿಸುವ ಪೊಟ್ಯಾಸಿಯಂ ಸಿಟ್ರೇಟನ್ನು ವೈದ್ಯರು ಕೊಡುತ್ತಾರೆ. ಕ್ಷಾರದಲ್ಲಿ ಸಿಸ್ಟೀನ್ ಹೆಚ್ಚು ಕರಗುತ್ತದೆಂಬುದು ಇದರ ಆಧಾರ. ವೊಲಾಸ್ಟನ್ ಗಾಜುಬಿಲ್ಲೆಯ ಮೇಲೆ ಕಂಡದ್ದೂ ಇದನ್ನೇ. ಇದರಿಂದಲೂ ಸಾಲದಾದಾಗ, ಗಂಧಕದ ಬೆಸುಗೆಯನ್ನೇ ಬಿಡಿಸುವ ಔಷಧಗಳಿವೆ. ಪೆನಿಸಿಲಮೀನ್ ಎಂಬ ಅಂತಹ ಔಷಧವನ್ನು 1963ರಲ್ಲಿ ಮೊದಲು ಪ್ರಯೋಗಿಸಲಾಯಿತು.

ವೊಲಾಸ್ಟನ್ನನ ಉಳಿದ ಸಾಧನೆಗಳು ಹಲವು. ಸೂರ್ಯನ ಬೆಳಕಿನ ಪಟ್ಟಿಯಲ್ಲಿರುವ ಕಪ್ಪು ಗೆರೆಗಳನ್ನು 1802ರಲ್ಲಿ ಮೊದಲು ಕಂಡವನು ಅವನೇ. ಹರಳುಗಳ ಕೋನವನ್ನು ಅಳೆಯುವ ಉಪಕರಣವನ್ನೂ, ಚಿತ್ರಕಾರರಿಗೆ ನೆರವಾಗುವ ಕ್ಯಾಮೆರಾ ಲೂಸಿಡವನ್ನೂ ನಿರ್ಮಿಸಿದನು. ಬಹುಕಾಲ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದನು. 1820ರಲ್ಲಿ ಕೆಲವು ತಿಂಗಳು ಅದರ ಅಧ್ಯಕ್ಷಸ್ಥಾನದಲ್ಲಿಯೂ ಇದ್ದನು. ಅವನು ಮದುವೆಯಾಗಲಿಲ್ಲ.

ಒಂದೆರಡು ಸಲ ಅವನಿಗೆ ಎದುರಿನ ವಸ್ತುಗಳ ಅರ್ಧಭಾಗ ಮಾತ್ರ ಕಾಣತೊಡಗಿ, ಸ್ವಲ್ಪ ಹೊತ್ತಿನ ಮೇಲೆ ದೃಷ್ಟಿ ಸರಿಹೋಗಿತ್ತು. ಅವನು ಗಾಬರಿಪಡದೆ ಆ ಅನುಭವದಿಂದಲೇ ಕಣ್ಣಿನ ನರಗಳ ಜೋಡಣೆಯನ್ನು ತರ್ಕಿಸಿ 1824ರಲ್ಲಿ ಪ್ರಬಂಧ ಬರೆದನು. 1828ರಲ್ಲಿ ರೋಗವು ಉಲ್ಬಣಿಸಿತು, ಕೈ ಮರಗಟ್ಟಿತು. ಉಳಿದಿರುವುದು ಅಲ್ಪಕಾಲವೆಂದು ಅರಿತ ಅವನು, ಹಲವು ವರ್ಷ ಗುಟ್ಟಾಗಿಟ್ಟಿದ್ದ ಪ್ಲಾಟಿನಂ ವಿಧಾನವನ್ನು ಹೇಳಿ ಬರೆಯಿಸಿದನು. ಆ ಪ್ರಬಂಧವನ್ನು ನವೆಂಬರಿನಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ವಿಜ್ಞಾನದ ಪ್ರಯೋಗಗಳಿಗೆ ನೆರವಾಗಲೆಂದು ಆ ಸಂಸ್ಥೆಗೂ, ಭೂವಿಜ್ಞಾನ ಸಂಘಕ್ಕೂ ಹಣವನ್ನು ದಾನಮಾಡಿದನು.

ಡಿಸೆಂಬರ್ 22ರಂದು ಅವನು ಮರಣಹೊಂದಿದನು. ಮಿದುಳಿನಲ್ಲಿ ಗೆಡ್ಡೆ ಬೆಳೆದಿದ್ದುದು ಅನಂತರದ ಪರೀಕ್ಷೆಯಲ್ಲಿ ತಿಳಿಯಿತು. ಕೊನೆಯ ಘಳಿಗೆಗಳಲ್ಲಿ ಮಾತು ನಿಂತುಹೋಗಿತ್ತು. ಪ್ರಜ್ಞೆ ಹೋಯಿತೆಂದು ಹಾಸಿಗೆಯ ಬಳಿಯಿದ್ದವರು ತಮ್ಮ ತಮ್ಮಲ್ಲಿ ಮಾತನಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತಂತೆ. ಅವನು ಸನ್ನೆಮಾಡಿ ಸೀಸದಕಡ್ಡಿಯನ್ನೂ ಕಾಗದವನ್ನೂ ತರಿಸಿಕೊಂಡನು. ಒಂದರ ಕೆಳಗೊಂದು ಕೆಲವು ಅಂಕಿಗಳನ್ನು ಬರೆದು, ಅವನ್ನು ಕೂಡಿಸಿ, ಕಾಗದವನ್ನು ಅವರ ಕೈಗೆ ಕೊಟ್ಟನು. ಮೊತ್ತ ಸರಿಯಾಗಿತ್ತು.