ಕೀರ್ತಿಶೇಷ ಬಿ. ಆರ್. ಪಂತುಲು ಮತ್ತು ಅವರ ಯುದ್ಧಚಿತ್ರಗಳು

ಕನ್ನಡದಲ್ಲಿ ಚಾರಿತ್ರಿಕ ಚಲನಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಶ್ರೀ ಬಿ. ಆರ್. ಪಂತುಲು ಅವರದೂ ಒಂದು. ಬೂದುಗೂರು ರಾಮಕೃಷ್ಣಯ್ಯ ಪಂತುಲು ಎಂಬುದು ಅವರ ಪೂರ್ಣ ನಾಮಧೇಯ. ೧೯೧೦ರಲ್ಲಿ ಕುಪ್ಪಂ ಸಮೀಪದ ಬೂದುಗೂರು ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. ಕುಪ್ಪಂ ಸೀಮೆ ಎಂದರೆ ತೆಲುಗು, ಕನ್ನಡ, ತಮಿಳು ಮೂರೂ ಒಂದನ್ನೊಂದು ಮುಟ್ಟುವ ಎಡೆ. ಅಂಥ ನೆಲ ಹೇಗಿರುತ್ತದೆಂದು ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತಿದ್ದಾರೆ. ಪಂತುಲು ಅವರೂ ಹಾಗೆಯೇ ಬೆಳೆದವರು. ಮುಂದೆ ಅವರು ಮೂರು ಭಾಷೆಗಳ ಜನರಿಗೂ ಬೇಕಾದವರಾದುದಕ್ಕೆ ಈ ಗಡಿನಾಡಿನ ಹುಟ್ಟೇ ಕಾರಣವೆಂದು ನಮಗೆ ತೋರುತ್ತದೆ.

ತರುಣರಾಗಿದ್ದಾಗ ಅವರು ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದರು. ಆದರೆ ನಾಟಕದ ಗೀಳು ಪಾಠದ ಕೋಣೆಯಲ್ಲಿ ನಿಲ್ಲಗೊಡಲಿಲ್ಲ. ಆ ಕಾಲದ ಹೆಸರಾಂತ ನಟ ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯನ್ನು ಸೇರಿದರು. ಆ ಮಂಡಳಿಯ 'ಸಂಸಾರ ನೌಕೆ' ನಾಟಕವು ೧೯೩೬ರಲ್ಲಿ ಶ್ರೀ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ವಾಕ್ಚಿತ್ರವಾಯಿತು. ಪಂತುಲು ಅವರೇ ನಾಯಕ, ಶ್ರೀಮತಿ ಎಂ. ವಿ. ರಾಜಮ್ಮ ನಾಯಕಿ. ಕನ್ನಡದ ಮೊದಲ ಸಾಮಾಜಿಕ ವಾಕ್ಚಿತ್ರವೆಂದು ಅದಕ್ಕೆ ಹೆಸರಿದೆ.

ಆಮೇಲಿನ ಇಪ್ಪತ್ತು ವರ್ಷಗಳನ್ನು ಬೇಗ ದಾಟಿಬಿಡೋಣ. ಮದರಾಸಿನಲ್ಲಿ ನಟರಾಗಿ ನೆಲೆನಿಂತ ಪಂತುಲು ಅವರು ಪದ್ಮಿನಿ ಪಿಕ್ಚರ್ಸ್ ಎಂಬ ಸಂಸ್ಥೆಯ ಮೂಲಕ ಚಿತ್ರಗಳನ್ನು ತೆಗೆಯತೊಡಗಿದರು. ೧೯೫೭ರ 'ರತ್ನಗಿರಿ ರಹಸ್ಯ'ದಿಂದ ನಿರ್ದೇಶಕರೂ ಆದರು. ಮರುವರ್ಷ ಬಂದ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ತಾವೇ ಬಡ ಉಪಾಧ್ಯಾಯನ ಪಾತ್ರ ವಹಿಸಿದರು. ನಮ್ಮ ಕಡೆಯ ಹಿರಿಯರಿಗೆ ಎನ್. ಟಿ. ರಾಮರಾವ್ ಅಭಿನಯದ ತೆಲುಗಿನ 'ಬಡಿಪಂತುಲು' ಹೆಚ್ಚು ಪರಿಚಿತ. ೧೯೭೨ರ ಆ ಚಿತ್ರಕ್ಕೆ ಮೂಲ ಕನ್ನಡದ ಈ 'ಸ್ಕೂಲ್ ಮಾಸ್ಟರ್' ಎಂಬುದು ಹಲವರಿಗೆ ತಿಳಿಯದು. ಪುಟ್ಟಣ್ಣ ಕಣಗಾಲ್ ಅವರು ಪಂತುಲು ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಕಲಿತವರು.

ಈ ಮೇಷ್ಟ್ರು ಇದ್ದಕ್ಕಿದ್ದಂತೆ ಕತ್ತಿ, ಗುರಾಣಿ, ಫಿರಂಗಿಗಳ ಕಡೆ ತಿರುಗಿದ್ದು ೧೯೫೯ರಲ್ಲಿ. ತಮಿಳಿನ 'ವೀರಪಾಂಡಿಯ ಕಟ್ಟಬೊಮ್ಮನ್' ಆ ವರ್ಷ ತೆರೆಕಂಡಿತು. ನಾಯಕ ಶಿವಾಜಿ ಗಣೇಶನ್. ತೆಲುಗು ಮಾತು ಕೂಡಿಸಿ 'ವೀರಪಾಂಡ್ಯ ಕಟ್ಟಬ್ರಹ್ಮನ' ಎಂಬ ಹೆಸರಿನಲ್ಲಿ ಅದನ್ನು ಆಂಧ್ರದಲ್ಲಿಯೂ ತೋರಿಸಿದರು. ೧೯೬೦ರಲ್ಲಿ ಕೈರೋ ನಗರದ ಆಫ್ರಿಕಾ-ಏಷ್ಯಾ ಚಿತ್ರೋತ್ಸವದಲ್ಲಿ ಶಿವಾಜಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು.

ವಿದ್ಯಾರ್ಥಿಗಳೇ, ಈ ಚಿತ್ರವನ್ನು ಚರಿತ್ರೆಯ ಪುಸ್ತಕದ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಕಟ್ಟಬೊಮ್ಮನ್ ತಿರುನೆಲ್ವೇಲಿ ಸೀಮೆಯ ಪಾಂಚಾಲಂಕುರಿಚಿಯ ಪಾಳೆಯಗಾರ. ಅವನ ಪೂರ್ವಿಕರು ತೆಲುಗು ನಾಡಿನಿಂದ ಹೋದವರು. ಚಿತ್ರದಲ್ಲಿ ಕಾಣುವ ಭವ್ಯವಾದ ಕಲ್ಲಿನ ಕೋಟೆ, ಅರಮನೆಗಳು ಪಾಂಚಾಲಂಕುರಿಚಿಯವಲ್ಲ. ಅವು ರಾಜಸ್ಥಾನದ ಜಯಪುರದವು. ನಿಜವಾದ ಪಾಂಚಾಲಂಕುರಿಚಿ ಕೋಟೆ ಮಣ್ಣಿನದು. ಇಂಗ್ಲಿಷರು ಅದನ್ನು ನೆಲಸಮ ಮಾಡಿದ್ದರಿಂದ ಚಿತ್ರ ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಮಣ್ಣಿನ ಗೋಡೆಯ ಹಿಂದೆ ನಿಂತು ಫಿರಂಗಿಗಳನ್ನು ಎದುರಿಸಿದವರ ಎದೆಗಾರಿಕೆ ಕಲ್ಲಿನ ಗೋಡೆಯ ಹಿಂದೆ ನಿಂತವರಿಗಿಂತ ದೊಡ್ಡದಲ್ಲವೇ? ಜಯಪುರದ ಬೆಡಗಿನಿಂದ ಚಿತ್ರ ಚೆಲುವಾಯಿತು, ಈ ಒಂದು ಸತ್ಯ ಮರೆಯಾಯಿತು.

ಜಾಕ್ಸನ್ ದೊರೆಯ ಮುಂದೆ ಕಟ್ಟಬೊಮ್ಮನ್ ಕಂದಾಯದ ವಿಷಯವಾಗಿ ಗುಡುಗುವ ದೃಶ್ಯ ಎಲ್ಲರಿಗೂ ಗೊತ್ತು. ತಮಿಳು ಬಾರದವರೂ ಅದನ್ನು ಅಭಿನಯಿಸಿ ತೋರಿಸುತ್ತಾರೆ. ಅವರಿಬ್ಬರೂ ೧೭೯೮ರಲ್ಲಿ ರಾಮನಾಥಪುರದಲ್ಲಿ ಭೇಟಿಯಾದದ್ದು ನಿಜ. ಅಲ್ಲಿ ಹೊಡೆದಾಟವಾಗಿ ಕ್ಲಾರ್ಕ್ ಎಂಬ ಸೇನಾಧಿಕಾರಿ ಸತ್ತದ್ದೂ ನಿಜ. ಆದರೆ ಆ ಗುಡುಗಿನ ಮಾತುಗಳು ಯಾವ ದಫ್ತರದಲ್ಲೂ ಇಲ್ಲ. ನಾಟಕಕ್ಕೆಂದು ಒಬ್ಬ ಸಂಭಾಷಣಕಾರರು ಬರೆದುಕೊಟ್ಟ ಮಾತುಗಳವು. ಇದರಲ್ಲಿ ದೋಷವೆಣಿಸುವುದು ನಮ್ಮ ಉದ್ದೇಶವಲ್ಲ. ಪಾತ್ರಕ್ಕೆ ಮಾತು ಕೊಡದೆ ನಾಟಕ ನಡೆಯುವುದಿಲ್ಲ. ನಮಗೆ ಕಳವಳವಾಗುವುದು ಎಟ್ಟಪ್ಪನ್ ವಿಷಯದಲ್ಲಿ. ಎಟ್ಟಯಪುರಕ್ಕೂ ಪಾಂಚಾಲಂಕುರಿಚಿಗೂ ಎಲ್ಲೆಯ ಜಗಳ ಹಳೆಯದು. ಅಂದಿನ ಪಾಳೆಯಗಾರರಿಗೆ ದೇಶವೆಂದರೆ ತಮ್ಮ ಪಾಳ್ಯವೇ. ಚಿತ್ರದಲ್ಲಿ ಆ ಹಿನ್ನೆಲೆ ತೆಳುವಾಗಿ, ಎಟ್ಟಪ್ಪನ್ ಬರಿಯ ದ್ರೋಹಿಯಾಗಿ ಉಳಿದ. ಇಂದಿಗೂ ತಮಿಳಿನಲ್ಲಿ ಆ ಹೆಸರು ಒಂದು ಬೈಗುಳ. ಅದನ್ನು ಊರೂರಿಗೆ ಹರಡಿದ್ದರಲ್ಲಿ ಚಿತ್ರದ ಪಾಲು ದೊಡ್ಡದು. ಮೂರು ಗಂಟೆಯ ಚಿತ್ರವೊಂದು ಒಂದು ಮನೆತನದ ಹೆಸರನ್ನು ತಲೆಮಾರುಗಳವರೆಗೆ ಕೆಡಿಸಬಲ್ಲದು ಎಂಬುದನ್ನು ಯೋಚಿಸಿ ನೋಡಿರಿ.

ಇದೇ ಚಿತ್ರದಿಂದ ಆದ ಉಪಕಾರವನ್ನೂ ಹೇಳಬೇಕು. ೧೭೯೯ರ ಅಕ್ಟೋಬರ್ ೧೬ರಂದು ಕಟ್ಟಬೊಮ್ಮನನ್ನು ಗಲ್ಲಿಗೇರಿಸಿದ ಕಯತ್ತಾರಿನಲ್ಲಿ ಶಿವಾಜಿ ಗಣೇಶನ್ ಅವರೇ ಮುಂದೆ ನಿಂತು ಪ್ರತಿಮೆ ಸ್ಥಾಪಿಸಿದರು. ೧೯೭೪ರಲ್ಲಿ ತಮಿಳುನಾಡು ಸರ್ಕಾರ ಪಾಂಚಾಲಂಕುರಿಚಿಯಲ್ಲಿ ಸ್ಮಾರಕ ಕೋಟೆ ಕಟ್ಟಿಸಿತು. ನಿಜವಾದ ಕೋಟೆ ಅಳಿದು ಚಿತ್ರ ಬಂತು, ಚಿತ್ರ ಬಂದ ಮೇಲೆ ಹೊಸ ಕೋಟೆ ಎದ್ದಿತು!

ಕನ್ನಡಿಗರಿಗೆ ಪಂತುಲು ಅವರು ಕೊಟ್ಟ ದೊಡ್ಡ ಕಾಣಿಕೆ ೧೯೬೧ರ 'ಕಿತ್ತೂರು ಚೆನ್ನಮ್ಮ'. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜ ದೇಸಾಯಿಯಾಗಿ, ರಾಜಮ್ಮ ಹಿರಿಯ ರಾಣಿ ರುದ್ರಮ್ಮನಾಗಿ ಅಭಿನಯಿಸಿದರು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರ ಇದೇ. ಶ್ರೇಷ್ಠ ತಮಿಳು ಚಿತ್ರ 'ಕಪ್ಪಲೋಟ್ಟಿಯ ತಮಿಳನ್' ಕೂಡ ಪಂತುಲು ಅವರದೇ! ಒಂದೇ ವರ್ಷ ಎರಡು ಭಾಷೆಗಳಲ್ಲಿ ಎರಡು ಮನ್ನಣೆ.

ಮಲ್ಲಸರ್ಜ ತೀರಿಕೊಂಡದ್ದು ೧೮೧೬ರಲ್ಲಿ. ಅವನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡದ್ದು ೧೮೨೪ರ ಸೆಪ್ಟೆಂಬರಿನಲ್ಲಿ. ದತ್ತು ಸ್ವೀಕಾರವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರಲ್ಲಿ ಕಣ್ಣುಮುಚ್ಚಿದಳು. ಮಲ್ಲಸರ್ಜನ ಸಾವಿಗೂ ಕಾಳಗಕ್ಕೂ ನಡುವೆ ಎಂಟು ವರ್ಷಗಳಿವೆ. ತೆರೆಯ ಮೇಲೆ ಇಂಥ ಎಂಟು ವರ್ಷ ದಾಟಲು ಎಂಟು ನಿಮಿಷವೂ ಬೇಡ. ಒಂದು ದೀಪ ಆರುತ್ತದೆ, ಇನ್ನೊಂದು ಹೊತ್ತಿಕೊಳ್ಳುತ್ತದೆ, ಕಾಲ ಸರಿದುಹೋಗುತ್ತದೆ. ಹೀಗೆ ಕಾಲವನ್ನು ಕುಗ್ಗಿಸುವುದು ಚಿತ್ರಗಾರನ ಹಕ್ಕು. ವರ್ಷಗಳನ್ನು ಎಣಿಸಿಕೊಳ್ಳುವುದು ನೋಡುವವನ ಕೆಲಸ.

ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಚೆನ್ನಮ್ಮ ಡಾಲ್‌ಹೌಸಿಯ ದತ್ತು ನಿಷೇಧ ನೀತಿಯ ವಿರುದ್ಧ ಹೋರಾಡಿದಳೆಂದು ಬರೆಯುವುದುಂಟು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು ೧೮೪೮ರಲ್ಲಿ. ಆಗ ಚೆನ್ನಮ್ಮ ತೀರಿಕೊಂಡು ಹತ್ತೊಂಬತ್ತು ವರ್ಷ ಕಳೆದಿತ್ತು. ದತ್ತಿನ ಹೆಸರಿನಲ್ಲಿ ಸಂಸ್ಥಾನ ನುಂಗುವ ಕೆಲಸ ಡಾಲ್‌ಹೌಸಿಗಿಂತ ಎಷ್ಟೋ ಮೊದಲೇ ನಡೆದಿತ್ತು ಎಂಬುದಕ್ಕೆ ಕಿತ್ತೂರೇ ಸಾಕ್ಷಿ. ಇನ್ನೊಂದು ಸಂಗತಿ. ಆ ಅಕ್ಟೋಬರಿನ ಕಾಳಗದಲ್ಲಿ ಸೆರೆಸಿಕ್ಕ ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯೊಬ್ಬ. ಕಿತ್ತೂರಿನವರು ಅವನನ್ನು ಕೊಲ್ಲದೆ ಉಳಿಸಿದರು. ಮುಂದೆ ಅದೇ ಎಲಿಯಟ್ ಕನ್ನಡ ನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ಚರಿತ್ರೆಯನ್ನು ನಾವು ಓದುವುದರಲ್ಲಿ ಆ ಸೆರೆಯಾಳಿನ ಪಾಲೂ ಇದೆ. ಇಂಥದ್ದನ್ನು ಯುದ್ಧಚಿತ್ರಗಳಲ್ಲಿ ಅಳವಡಿಸುವುದು ಕಷ್ಟ. ಚಪ್ಪಾಳೆ ಯಾರಿಗೆ ಹೊಡೆಯಬೇಕೆಂದು ಪ್ರೇಕ್ಷಕರಿಗೆ ತಿಳಿಯದೆ ಹೋದೀತು.

೧೯೬೪ರ 'ಕರ್ಣನ್' ಪುರಾಣದ ಕಥೆ. ಯುದ್ಧದ ದೃಶ್ಯಗಳನ್ನು ಕುರುಕ್ಷೇತ್ರಕ್ಕೇ ಹೋಗಿ ಚಿತ್ರೀಕರಿಸಿದರು. ಎನ್. ಟಿ. ರಾಮರಾವ್ ಅವರೇ ಕೃಷ್ಣ.

ನಮ್ಮ ಸೀಮೆಗೆ ಹತ್ತಿರವಾದದ್ದು ೧೯೭೦ರ 'ಶ್ರೀ ಕೃಷ್ಣದೇವರಾಯ'. ರಾಜಕುಮಾರ್ ರಾಯನಾದರು, ಪಂತುಲು ಅವರು ಮಹಾಮಂತ್ರಿ ತಿಮ್ಮರಸನಾದರು. ಈ ಪಾತ್ರಕ್ಕಾಗಿ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಪಂತುಲು ಅವರಿಗೆ ಬಂತು. ರಾಯನ ಆಳ್ವಿಕೆಯ ದೊಡ್ಡ ಯುದ್ಧ ೧೫೨೦ರಲ್ಲಿ ನಡೆದ ರಾಯಚೂರಿನದು. ಆದೋನಿಯಿಂದ ರೈಲು ಹತ್ತಿದರೆ ಮಂತ್ರಾಲಯಂ ರೋಡ್ ದಾಟಿ ತುಂಗಭದ್ರೆಯ ಆಚೆ ಸಿಗುವ ರಾಯಚೂರೇ ಅದು. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಆ ಯುದ್ಧದ ವಿವರ ಬರೆದಿಟ್ಟಿದ್ದಾನೆ. ರಾಯನ ಸೈನ್ಯದಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆಗಳಿದ್ದವೆಂದು ಅವನ ಲೆಕ್ಕ. ಇದನ್ನು ಹಾಗೆಯೇ ನಂಬಬೇಕಾಗಿಲ್ಲ. ಚಿತ್ರಗಾರರಿಗೆ ಸಿಗುವುದು ಕೆಲವು ನೂರು ಕುದುರೆ ಮಾತ್ರ. ಅವನ್ನೇ ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ಓಡಿಸಿ, ಆಮೇಲೆ ಸಂಕಲನಕಾರರು ತುಂಡುಗಳನ್ನು ಕತ್ತರಿಸಿ ಜೋಡಿಸಿದಾಗ ಎರಡು ಮಹಾಸೈನ್ಯಗಳು ಡಿಕ್ಕಿ ಹೊಡೆದಂತೆ ಕಾಣುತ್ತದೆ. ಯುದ್ಧಚಿತ್ರದ ಅರ್ಧ ಯುದ್ಧ ಕತ್ತರಿಯ ಮೇಜಿನ ಮೇಲೆ ನಡೆಯುವಂಥದು.

ಚಾರಿತ್ರಿಕ ಚಿತ್ರಗಳಲ್ಲಿ ಸಾಮಾನ್ಯವಾಗಿ ಎರಡು ಪಕ್ಷಕ್ಕೆ ಎರಡು ಬಣ್ಣ. ಈ ಕಡೆ ಕುಂಕುಮ, ಆ ಕಡೆ ಗಡ್ಡ. ರಾಯಚೂರಿನ ರಣರಂಗ ಹಾಗಿರಲಿಲ್ಲ. ವಿಜಯನಗರದ ಸೈನ್ಯದಲ್ಲಿ ಎರಡನೆಯ ದೇವರಾಯನ ಕಾಲದಿಂದಲೂ ಮುಸಲ್ಮಾನ ಯೋಧರಿದ್ದರು. ಆದಿಲ್‌ಶಾಹಿ ಕಡೆಯಲ್ಲಿ ಹಿಂದೂಗಳಿಗೂ ಜಾಗವಿತ್ತು. ರಾಯಚೂರು ಕೋಟೆಯ ಗೋಡೆ ಒಡೆಯಲು ರಾಯನಿಗೆ ನೆರವಾದವರು ಇಪ್ಪತ್ತು ಜನ ಪೋರ್ಚುಗೀಸ್ ಬಂದೂಕುಗಾರರು. ಜಗಳವಿದ್ದದ್ದು ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲಕ್ಕಾಗಿ. ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯ ಊರಿನಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಈ ಪಾಠ ಓದುವ ಮಕ್ಕಳು ಇದನ್ನು ತಿಳಿದಿರಬೇಕು. ಪಂತುಲು ಅವರಿಗೆ ರಂಗದ ವಿದ್ಯೆ ಕಲಿಸಿದ ಮಂಡಳಿಯ ಯಜಮಾನರು ಮಹಮ್ಮದ್ ಪೀರ್ ಅವರೆಂಬುದೂ ನೆನಪಿರಲಿ.

ಈಗ ಈ ಚಿತ್ರಗಳಿಗೆ ಎರಡನೆಯ ಜನ್ಮ ಬಂದಿದೆ. 'ಕರ್ಣನ್' ಚಿತ್ರದ ಹಳೆಯ ಪ್ರತಿಯ ಗೀರುಗಳನ್ನು ಕಂಪ್ಯೂಟರಿನಿಂದ ಅಳಿಸಿ, ಶಬ್ದವನ್ನು ಹೊಸದಾಗಿ ಅಣಿಗೊಳಿಸಿ ೨೦೧೨ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಚೆನ್ನೈಯಲ್ಲಿ ನೂರು ದಿನಕ್ಕೂ ಹೆಚ್ಚು ಓಡಿತು. 'ಕಟ್ಟಬೊಮ್ಮನ್' ೨೦೧೫ರಲ್ಲಿ ಮರಳಿ ಬಂತು. ಗೀರು ಅಳಿಸುವುದು ಪುಣ್ಯದ ಕೆಲಸ. ಆದರೆ ಹಳೆಯ ಚಿತ್ರದ ಚೌಕಟ್ಟು ನಾಲ್ಕಕ್ಕೆ ಮೂರರ ಅಳತೆಯದು, ಬಹುಮಟ್ಟಿಗೆ ಚೌಕ. ಇಂದಿನ ತೆರೆ ಬಲು ಅಗಲ. ಚೌಕವನ್ನು ಅಗಲ ತೆರೆ ತುಂಬುವಂತೆ ಹಿಗ್ಗಿಸಿದಾಗ ಮೇಲೊಂದಿಷ್ಟು, ಕೆಳಗೊಂದಿಷ್ಟು ಹೊರಗೆ ಹೋಗುತ್ತದೆ. ರಾಜನ ಕಿರೀಟದ ತುದಿ ಹೋಗುತ್ತದೆ, ಕೆಳಗೆ ಓಡುವ ಕಾಲಾಳುಗಳ ಕಾಲು ಹೋಗುತ್ತವೆ.

ಟೆಲಿವಿಷನ್ನಿನವರ ಮತ್ತು ಫೋನಿನಲ್ಲಿ ತುಣುಕು ಹಂಚುವವರ ಕತ್ತರಿ ಇನ್ನೂ ಹರಿತ. ಇಂದಿನವರಿಗೆ ತಾಳ್ಮೆಯಿಲ್ಲವೆಂದು ದರ್ಬಾರಿನ ಮಾತು, ಹಾಡು, ಕಾಗದಪತ್ರದ ಓಡಾಟಗಳನ್ನು ಬಿಟ್ಟು ಕತ್ತಿಯ ಭಾಗವನ್ನಷ್ಟೇ ಉಳಿಸುತ್ತಾರೆ. ಯುದ್ಧ ಏಕೆ ಬಂತು, ತಪ್ಪಿಸಲು ಯಾರು ಯತ್ನಿಸಿದರು ಎಂಬುದೆಲ್ಲ ಆ ಬಿಟ್ಟ ಭಾಗದಲ್ಲಿರುತ್ತದೆ. ಪಂತುಲು ಅವರು ಚರಿತ್ರೆಯನ್ನು ಕತ್ತರಿಸಿದ್ದು ಕಥೆ ಹೇಳುವುದಕ್ಕಾಗಿ. ಆ ಕಥೆಯನ್ನೂ ಕತ್ತರಿಸಿದರೆ ಉಳಿಯುವುದು ಹೊಡೆದಾಟವೊಂದೇ. ಪಾಲಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳಿಗೆ ಇಂಥ ಚಿತ್ರ ತೋರಿಸುವುದಾದರೆ ಪೂರ್ತಿ ತೋರಿಸಿರಿ, ರಜೆಯ ಎರಡು ದಿನ ಹಿಡಿದರೂ ಚಿಂತೆಯಿಲ್ಲ. ಪಕ್ಕದಲ್ಲಿ ಕುಳಿತು ಅವರು ಕೇಳುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿದರೆ ನಾವು ಉತ್ತರ ಹುಡುಕುತ್ತೇವೆ.

ಪಂತುಲು ಅವರ ಕೊನೆಯ ಚಿತ್ರವೂ ಯುದ್ಧದ ಕಥೆಯೇ. ಎಂ. ಜಿ. ರಾಮಚಂದ್ರನ್ ನಾಯಕರಾಗಿದ್ದ 'ಮಧುರೈ ಮೀಟ್ಟ ಸುಂದರಪಾಂಡಿಯನ್' ಚಿತ್ರೀಕರಣ ನಡೆಯುತ್ತಿರುವಾಗಲೇ, ೧೯೭೪ರ ಅಕ್ಟೋಬರ್ ೮ರಂದು, ಅವರು ನಿಧನರಾದರು. ಉಳಿದ ಭಾಗವನ್ನು ರಾಮಚಂದ್ರನ್ ಅವರೇ ನಿರ್ದೇಶಿಸಿ ಪೂರೈಸಿದರು. ೧೯೭೮ರಲ್ಲಿ ಅದು ತೆರೆಗೆ ಬಂತು.