ಫ್ಯಾರಡೆಗೆ ಸಿಕ್ಕ ಟಿಕೆಟ್

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬಂದೇ ಬರ್ತಾರೆ ಅನ್ನೋ ವಾದಕ್ಕೆ ಮೈಕೆಲ್ ಫ್ಯಾರಡೆಯನ್ನು ಸಾಕ್ಷಿಯಾಗಿ ತರುವವರು ಬಹಳ. ನನಗೆ ಆ ಬದುಕು ಹೇಳೋದೇ ಬೇರೆ.

1791ರಲ್ಲಿ ಲಂಡನ್ ಬಳಿಯ ಬಡ ಕಮ್ಮಾರನ ಮನೆಯಲ್ಲಿ ಹುಟ್ಟಿದ ಫ್ಯಾರಡೆ ಅಲ್ಪಸ್ವಲ್ಪ ಓದು ಬರಹದ ಆಚೆ ಶಾಲೆ ಕಂಡವರಲ್ಲ. 14ನೇ ವಯಸ್ಸಿಗೆ ಪುಸ್ತಕದಂಗಡಿಯಲ್ಲಿ ಬೈಂಡಿಂಗ್ ಕೆಲಸಕ್ಕೆ ಸೇರಿದರು. ಏಳು ವರ್ಷ, ಬೈಂಡಿಂಗಿಗೆ ಬಂದ ಪುಸ್ತಕಗಳೇ ಅವರ ಕಾಲೇಜು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಬರೆದು, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. ಆದರೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕೆಲಸ ಸಿಕ್ಕಿದ್ದು 1813ರಲ್ಲಿ, ಅಲ್ಲಿದ್ದ ಸಹಾಯಕ ಜಗಳ ಮಾಡಿ ನೌಕರಿ ಕಳ್ಕೊಂಡ ಮೇಲೆ!

ಡೇವಿ ದಂಪತಿ ಯುರೋಪ್ ಪ್ರವಾಸಕ್ಕೆ ಹೊರಟಾಗ ಫ್ಯಾರಡೆ ಆಳಿನ ಚಾಕರಿಯನ್ನೂ ಮಾಡಬೇಕಾಯ್ತು. 1824ರಲ್ಲಿ ರಾಯಲ್ ಸೊಸೈಟಿ ಸದಸ್ಯರಾಗುವಾಗ ಅದನ್ನು ವಿರೋಧಿಸಿದ್ದೂ ಅದೇ ಡೇವಿ.

ಮುಂದೆ ಅದೇ ಸೊಸೈಟಿಗಾಗಿ, ದೂರದರ್ಶಕಕ್ಕೆ ಒಳ್ಳೆಯ ಗಾಜು ಮಾಡಲು ವರ್ಷಗಟ್ಟಲೆ ಕುಲುಮೆಯ ಮುಂದೆ ಬೆವರು ಸುರಿಸಿದರು. ಆ ಯೋಜನೆ ಕೈಗೂಡಲಿಲ್ಲ. ಆದರೆ ಸೀಸ ಬೆರೆತ ಆ ಭಾರದ ಗಾಜಿನ ತುಂಡು ಉಳಿಯಿತು. 1845ರ ಸೆಪ್ಟೆಂಬರ್ 13ರಂದು ಅದರೊಳಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿ ಆಯಸ್ಕಾಂತ ಚಾಲೂ ಮಾಡಿದರು. ಕಂಪನದ ದಿಕ್ಕು ಕೊಂಚ ತಿರುಗಿತು. ಬೆಳಕಿಗೂ ಕಾಂತತ್ವಕ್ಕೂ ನಂಟಿದೆ ಅನ್ನೋದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು.

1862ರಲ್ಲಿ, ಮುಪ್ಪಿನಲ್ಲಿ, ಜ್ವಾಲೆಯ ಬೆಳಕಿನ ರೇಖೆಗಳನ್ನು ಆಯಸ್ಕಾಂತ ಬದಲಿಸುತ್ತಾ ಅಂತ ನೋಡಿದರು. ಏನೂ ಕಾಣಲಿಲ್ಲ. ಅದನ್ನು ಓದಿದ ಪೀಟರ್ ಝೀಮನ್ 1896ರಲ್ಲಿ, ಇನ್ನೂ ಒಳ್ಳೆಯ ಉಪಕರಣಗಳಿಂದ, ಆ ಬದಲಾವಣೆಯನ್ನು ಕಂಡರು.

ಈ ಎರಡೂ ಎಳೆಗಳು ಇವತ್ತಿನ ಲ್ಯಾಬುಗಳಲ್ಲಿ ಮತ್ತೆ ಸೇರಿವೆ. ಗಾಜು ಉದ್ದವಿದ್ದಷ್ಟೂ ಬೆಳಕು ಹೆಚ್ಚು ತಿರುಗುತ್ತದೆ. ಮೂರೇ ಪರಮಾಣು ದಪ್ಪದ ಅರೆವಾಹಕ ಹಾಳೆಯಲ್ಲಿ ಉದ್ದ ಎಲ್ಲಿಂದ ಬರಬೇಕು? ಅದಕ್ಕೇ ಕಾಂತೀಯ ಪರಮಾಣುಗಳನ್ನು ಚೂರು ಬೆರೆಸುತ್ತಾರೆ. ಅವು ಎಲೆಕ್ಟ್ರಾನ್‌ಗಳ ಮೇಲೆ ಹೊರಗಿನ ಕಾಂತಕ್ಷೇತ್ರದ ಪ್ರಭಾವವನ್ನು ಹಲವು ಪಟ್ಟು ಹಿಗ್ಗಿಸಬಲ್ಲವು. ಮ್ಯಾಂಗನೀಸ್ ಬೆರೆಸಿದ ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಇದು ದಶಕಗಳಿಂದ ಗೊತ್ತು; ಈಗ ವೆನೇಡಿಯಂ ಬೆರೆಸಿದ ಟಂಗ್‌ಸ್ಟನ್ ಡೈಸೆಲೆನೈಡ್‌ನಂಥ ತೆಳು ಹಾಳೆಗಳ ಸರದಿ.

ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಹುಡುಕಿಕೊಂಡು ಬಂದಾಗ ಫ್ಯಾರಡೆ ಒಲ್ಲೆ ಎಂದರು. 1867ರಲ್ಲಿ ತೀರಿಕೊಂಡರು.

ಅವರ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಪುಕ್ಕಟೆ ಟಿಕೆಟ್, ಯಾರದೋ ಜಗಳ, ಖಾಲಿಯಾದ ಒಂದು ಹುದ್ದೆ: ಇವಿಷ್ಟೂ ಕೂಡಿ ಬರದಿದ್ದರೆ ಅವರು ಬೈಂಡರ್ ಆಗಿಯೇ ಉಳೀತಿದ್ದರು. ಅದೇ ಊರಿನಲ್ಲಿ ಟಿಕೆಟ್ ಸಿಗದ ಬೈಂಡರ್‌ಗಳು ಎಷ್ಟು ಜನ ಇದ್ದರೋ, ಲೆಕ್ಕ ಇಟ್ಟವರಿಲ್ಲ. ಮೆರಿಟ್ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗೋದು ಅವರೇ.