ಪಟ್ಟಿ ಮಾಡಿಸಿದ ಚಕ್ರವರ್ತಿ: ಅಗಸ್ಟಸ್ ಸೀಸರ್

ಡಿಸೆಂಬರ್ ಬಂತು ಅಂದ್ರೆ ಅಲ್ಲಲ್ಲಿ ನಕ್ಷತ್ರದ ದೀಪ ತೂಗಾಡುತ್ತೆ. ಗೋದಲಿ, ಕುರಿ ಕಾಯುವವರು, ಮಗು ಯೇಸು ಎಲ್ಲ ನಮಗೆ ಗೊತ್ತು. ಆದರೆ ನಜರೇತಿನ ಯೋಸೇಫ ತುಂಬು ಗರ್ಭಿಣಿ ಮರಿಯಳನ್ನು ಕರ್ಕೊಂಡು ಬೇತ್ಲೆಹೇಮಿಗೆ ಯಾಕೆ ಹೋದ? ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಅದು. ಜಮಖಂಡಿಯಿಂದ ಚಿಕ್ಕಪಡಸಲಗಿ ಸೇತುವೆ ದಾಟಿ ವಿಜಯಪುರಕ್ಕೆ ಹೋಗಿ ವಾಪಸ್ ಬಂದಷ್ಟು, ಅದೂ ಬಸ್ಸಿಲ್ಲದ ಕಾಲದಲ್ಲಿ. ಲೂಕನ ಸುವಾರ್ತೆ ಹೇಳುವ ಕಾರಣ ಒಂದೇ: ಎಲ್ಲರೂ ತಮ್ಮ ತಮ್ಮ ಊರಲ್ಲಿ ಹೆಸರು ಬರೆಸಬೇಕು ಅಂತ ರೋಮಿನಿಂದ ಆಜ್ಞೆ ಬಂದಿತ್ತು. ಆಜ್ಞೆ ಮಾಡಿದವನು ಅಗಸ್ಟಸ್ ಸೀಸರ್.

ಅವನು ಹುಟ್ಟಿದ್ದು ಕ್ರಿ.ಪೂ. 63ರಲ್ಲಿ, ರೋಮಿನಲ್ಲಿ. ಮೊದಲ ಹೆಸರು ಆಕ್ಟೇವಿಯಸ್. ನಾಲ್ಕು ವರ್ಷದವನಿದ್ದಾಗ ತಂದೆ ತೀರಿಹೋದ. ತಾಯಿ ಜೂಲಿಯಸ್ ಸೀಸರನ ಸಹೋದರಿಯ ಮಗಳು. ಕ್ರಿ.ಪೂ. 44ರ ಮಾರ್ಚ್‌ನಲ್ಲಿ ಸೀಸರನ ಕೊಲೆಯಾದಾಗ ಹುಡುಗ ಈಗಿನ ಅಲ್ಬೇನಿಯಾದ ಅಪೊಲೋನಿಯಾದಲ್ಲಿ ಓದುತ್ತಿದ್ದ. ವಯಸ್ಸು ಹದಿನೆಂಟು. ಸೀಸರ್ ತನ್ನನ್ನು ದತ್ತು ತಗೊಂಡು ಆಸ್ತಿ ಬಿಟ್ಟಿದ್ದಾನೆ ಅಂತ ಗೊತ್ತಾದ ಮೇಲೆ ಅವನು ಓದಿಗೆ ವಾಪಸ್ ಹೋಗಲೇ ಇಲ್ಲ. ನಾವು ಸೆಕೆಂಡ್ ಇಯರಿನಲ್ಲಿ ಇಂಟರ್ನಲ್ಸ್‌ಗೆ ಒದ್ದಾಡುವ ವಯಸ್ಸಲ್ಲಿ ಅವನು ಸ್ವಂತ ಸೈನ್ಯ ಕಟ್ಟಿದ, ಇಪ್ಪತ್ತು ತುಂಬುವ ಮೊದಲೇ ರೋಮಿನ ಕಾನ್ಸಲ್ ಆದ.

ಆದರೆ ಹೀರೋ ಅನ್ನೋ ಹಾಗಿಲ್ಲ. ಅದೇ ವರ್ಷ ಆಂಟನಿ, ಲೆಪಿಡಸ್ ಜೊತೆ ಸೇರಿ ಅವನು ಒಂದು ಪಟ್ಟಿ ಹೊರಡಿಸಿದ. ಅದರಲ್ಲಿ ಹೆಸರಿದ್ದವರನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು; ಅವರ ಆಸ್ತಿ ಜಪ್ತಿ ಆಗುತ್ತಿತ್ತು. ದೊಡ್ಡ ವಾಗ್ಮಿ ಸಿಸೆರೋ ಸತ್ತಿದ್ದು ಹೀಗೇ. ಮುಂದೆ ಗೆಳೆಯರೇ ಶತ್ರುಗಳಾದರು. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಸಮುದ್ರಯುದ್ಧದಲ್ಲಿ ಆಂಟನಿ, ಕ್ಲಿಯೋಪಾತ್ರ ಸೋತರು. ಕ್ರಿ.ಪೂ. 27ರಲ್ಲಿ ಸೆನೆಟ್ ಅವನಿಗೆ ಅಗಸ್ಟಸ್ ಅನ್ನೋ ಬಿರುದು ಕೊಟ್ಟಿತು.

ಆಮೇಲೆ ಅವನು ಕಟ್ಟೋಕೆ ಶುರು ಮಾಡಿದ. ಗೆಳೆಯ ಅಗ್ರಿಪ್ಪ ಕ್ರಿ.ಪೂ. 19ರಲ್ಲಿ ಮುಗಿಸಿದ ವರ್ಗೋ ಕಾಲುವೆಯ ನೀರಿನ ದಾರಿ ರೋಮಿನಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಈಜಿಪ್ಟ್ ಕೈಗೆ ಬಂದಿದ್ದರಿಂದ ಭಾರತದ ಜೊತೆ ಹಡಗು ವ್ಯಾಪಾರ ಬೆಳೆಯಿತು. ಅವನ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ.

ಇಷ್ಟು ದೊಡ್ಡ ರಾಜ್ಯ ನಡೆಸೋಕೆ ತೆರಿಗೆ ಬೇಕು, ತೆರಿಗೆಗೆ ಲೆಕ್ಕ ಬೇಕು. ಅವನು ಮೂರು ಸಲ ರೋಮನ್ ಪೌರರ ಎಣಿಕೆ ಮಾಡಿಸಿದ. ಕ್ರಿ.ಪೂ. 28ರಲ್ಲಿ ಸಿಕ್ಕ ಲೆಕ್ಕ 40,63,000. ಕ್ರಿ.ಶ. 14ರಲ್ಲಿ 49,37,000. ಪ್ರಾಂತ್ಯಗಳ ಜನರ ಎಣಿಕೆ ಬೇರೆ ನಡೆಯುತ್ತಿತ್ತು. ಯೂದಾಯವನ್ನು ರೋಮಿನ ಪರವಾಗಿ ರಾಜ ಹೆರೋದ ಆಳುತ್ತಿದ್ದ. ಅವನು ನೀರಿನೊಳಗೆ ಗಟ್ಟಿಯಾಗುವ ಕಾಂಕ್ರೀಟ್ ಹಾಕಿ ಬಂದರು ಕಟ್ಟಿಸಿ, ಧಣಿಯ ಹೆಸರಲ್ಲೇ ಊರಿಗೆ ಸಿಸೇರಿಯಾ ಅಂತ ಕರೆದ.

ಇಲ್ಲಿ ಒಂದು ತೊಡಕಿದೆ. ಹೆರೋದ ಸತ್ತಿದ್ದು ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನ ಇತಿಹಾಸಕಾರರ ಲೆಕ್ಕ. ಲೂಕ ಹೆಸರಿಸುವ ಸಿರಿಯಾದ ಅಧಿಪತಿ ಕ್ವಿರಿನಿಯಸ್ ಯೂದಾಯದಲ್ಲಿ ಎಣಿಕೆ ಮಾಡಿಸಿದ್ದು ಕ್ರಿ.ಶ. 6ರಲ್ಲಿ. ಯೇಸು ಹೆರೋದನ ಕಾಲದಲ್ಲಿ ಹುಟ್ಟಿದ್ದರೆ ಎರಡಕ್ಕೂ ಹತ್ತು ವರ್ಷದಷ್ಟು ಅಂತರ. ಮತ್ತಾಯನ ಸುವಾರ್ತೆಯಲ್ಲಿ ಹೆರೋದ ಇದ್ದಾನೆ, ಎಣಿಕೆಯೇ ಇಲ್ಲ. ಪಂಡಿತರ ವಾದ ಇನ್ನೂ ಮುಗಿದಿಲ್ಲ. ಆದರೆ ಕ್ರಿ.ಶ. 6ರ ಎಣಿಕೆ ನಡೆದದ್ದು ನಿಜ, ಅದನ್ನು ವಿರೋಧಿಸಿ ಗಲಿಲಾಯದ ಯೂದ ಅನ್ನುವವನು ದಂಗೆ ಎದ್ದಿದ್ದೂ ನಿಜ. ಹೆಸರು ಬರೆಸೋದು ಅಂದರೆ ಅಧೀನರು ಅಂತ ಒಪ್ಪಿಕೊಂಡ ಹಾಗೆ ಅನ್ನೋದು ಅವರ ಸಿಟ್ಟು.

ಲೂಕ ಯಾಕೆ ಚಕ್ರವರ್ತಿಯ ಹೆಸರಿಂದಲೇ ಕಥೆ ಶುರು ಮಾಡಿದ ಅಂತ ಆಗ ಅರ್ಥ ಆಗುತ್ತೆ. ರಕ್ಷಕ, ದೇವರ ಮಗ, ಶುಭವಾರ್ತೆ — ಈ ಮಾತುಗಳನ್ನೆಲ್ಲ ಆಗಿನ ಶಾಸನಗಳು, ನಾಣ್ಯಗಳು ಅಗಸ್ಟಸನಿಗೇ ಬಳಸುತ್ತಿದ್ದವು. ಲೂಕ ಅವನ್ನು ಅವನಿಂದ ತಗೊಂಡು, ಪಟ್ಟಿಗೆ ಹೆಸರು ಬರೆಸಲು ಬಂದ ಬಡವರ ಕೂಸಿಗೆ ಕೊಟ್ಟ.

ಪಟ್ಟಿ ಮಾಡೋದೇ ತಪ್ಪು ಅಂತ ನಾವು ಹೇಳ್ತಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟುವಾಗಲೂ ಹಣ, ಆಳು, ದುಡಿಮೆಯ ಲೆಕ್ಕ ಬೇಕೇ ಇತ್ತು. ಆದರೆ ಅದು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮ ನೀರಿಗಾಗಿ ತಾವೇ ಹಾಕಿಕೊಂಡ ಲೆಕ್ಕ. ರೋಮಿನ ಲೆಕ್ಕ ಕೇಳದೇ ಬಂದದ್ದು. ನಾಳೆ ನಮ್ಮಲ್ಲಿ ಎಷ್ಟೋ ಜನ ರಸ್ತೆಗೆ, ಆಣೆಕಟ್ಟಿಗೆ ಸರ್ವೆ ಮಾಡ್ತೀವಿ. ಯಾರದೋ ಮನೆ, ಹೊಲ ನಮ್ಮ ಶೀಟಿನಲ್ಲಿ ಒಂದು ನಂಬರ್ ಆಗುತ್ತೆ. ಆ ನಂಬರಿನ ಹಿಂದೆ ಯಾರಿದ್ದಾರೆ ಅಂತ ಒಂದು ಸಲ ಹೋಗಿ ನೋಡಿ ಬರೋದು ಒಳ್ಳೇದು.

ಅಗಸ್ಟಸ್ ಕ್ರಿ.ಶ. 14ರ ಆಗಸ್ಟ್ 19ರಂದು, 75ನೇ ವಯಸ್ಸಿನಲ್ಲಿ ನೋಲಾದಲ್ಲಿ ತೀರಿಕೊಂಡ. ಆ ತಿಂಗಳಿಗೆ ಅವನದೇ ಹೆಸರಿದೆ. ಆದರೆ ಇವತ್ತು ವರ್ಷಗಳನ್ನು ನಾವು ಎಣಿಸೋದು ಅವನ ಲೆಕ್ಕದಲ್ಲಲ್ಲ, ಆ ಕೂಸಿನ ಲೆಕ್ಕದಲ್ಲಿ.